ಮರದ ಸಸಿಗಳಿಗೆ ಅಣುಜೀವಿ ಗೊಬ್ಬರ

ಹೊಲದ ಬದುವಿನ ಮೇಲೆ, ಉಳುಮೆಗೆ ಒಗ್ಗದ ಕಲ್ಲು ಭೂಮಿಯಲ್ಲಿ, ಹಳ್ಳದ ದಂಡೆಯ ಪಾಳು ಜಾಗದಲ್ಲಿ ಮರ ಬೆಳೆಸುವ ಆಸಕ್ತಿ ರೈತರಲ್ಲಿ ಹೆಚ್ಚುತ್ತಿದೆ. ಸೌದೆ, ಹಸಿರೆಲೆ ಗೊಬ್ಬರ, ಮೇವು, ಕಂಬ, ಮರಮುಟ್ಟು ಇವೆಲ್ಲಕ್ಕೂ ಮರ ಬೇಕು. ಆದರೆ ಮಳೆಗಾಲದಲ್ಲಿ ನೆಟ್ಟ ಸಸಿಗಳಲ್ಲಿ ಎಷ್ಟು ಮುಂದಿನ ಯುಗಾದಿಯವರೆಗೆ ಉಳಿಯುತ್ತವೆ ಎಂದು ಎಣಿಸಿ ನೋಡಿದರೆ ಲೆಕ್ಕ ಸಮಾಧಾನಕರವಾಗಿರುವುದಿಲ್ಲ. ಉಳಿದ ಸಸಿಗಳೂ ಎರಡು ಮೂರು ವರ್ಷ ಮೊಳಕಾಲುದ್ದದಲ್ಲೇ ನಿಂತಿರುವುದುಂಟು. ಇದಕ್ಕೆ ನೀರಿನ ಕೊರತೆ ಒಂದು ಕಾರಣವಾದರೆ ಮಣ್ಣಿನ ಬಡತನ ಇನ್ನೊಂದು ಕಾರಣ. ಮರ ಬೆಳೆಸಲು ನಾವು ಬಿಟ್ಟುಕೊಡುವ ಜಮೀನು ಸಾಮಾನ್ಯವಾಗಿ ಇರುವುದರಲ್ಲೇ ಕಳಪೆ ಜಮೀನು. ಅಲ್ಲಿ ಸಾರಜನಕ ಕಡಿಮೆ, ರಂಜಕ ಇದ್ದರೂ ಬೇರಿಗೆ ಸಿಗದ ರೂಪದಲ್ಲಿರುತ್ತದೆ.

ಇಂತಹ ಜಮೀನಿಗೆ ಚೀಲಗಟ್ಟಲೆ ರಾಸಾಯನಿಕ ಗೊಬ್ಬರ ಹೊತ್ತು ಹಾಕುವುದು ಯಾರಿಗೂ ಗಿಟ್ಟುವ ಮಾತಲ್ಲ. ಆದರೆ ಬೇರಿನ ಜೊತೆಯಲ್ಲೇ ಬಾಳಿ, ಸಸಿಗೆ ಆಹಾರ ಒದಗಿಸಬಲ್ಲ ದುಂಡಾಣುಗಳನ್ನು ಸಸಿಮಡಿಯಲ್ಲೇ ಕೂಡಿಸಿ ಕಳುಹಿಸಿದರೆ ಅವು ಮರದೊಡನೆ ಹೊಲಕ್ಕೆ ಹೋಗಿ ವರ್ಷಾನುಗಟ್ಟಲೆ ಕೆಲಸ ಮಾಡುತ್ತವೆ. ಇದಕ್ಕೆ ತಗಲುವ ಖರ್ಚು ಬಹಳ ಕಡಿಮೆ. ಆದರೆ ಯಾವ ಮರಕ್ಕೆ ಯಾವ ಅಣುಜೀವಿ, ಅದನ್ನು ಹೇಗೆ ಕೊಡಬೇಕು, ಎಲ್ಲಿ ಕೊಟ್ಟರೆ ವ್ಯರ್ಥ ಎಂಬುದನ್ನು ಚೆನ್ನಾಗಿ ತಿಳಿದಿರಬೇಕು.

ಗಾಳಿಯಲ್ಲಿರುವ ಸಾರಜನಕ

ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಭಾಗ ಸಾರಜನಕವಿದೆ. ಒಂದು ಎಕರೆ ಭೂಮಿಯ ಮೇಲೆ ನಿಂತಿರುವ ಗಾಳಿಯಲ್ಲಿ ಸುಮಾರು 30,000 ಟನ್ನಿಗೂ ಹೆಚ್ಚು ಸಾರಜನಕ ಇರುತ್ತದೆ. ಆದರೆ ಗಿಡ ಅದನ್ನು ನೇರವಾಗಿ ಬಳಸಲಾರದು. ಯೂರಿಯಾ ತಯಾರಿಸುವ ಕಾರ್ಖಾನೆಯಲ್ಲಿ ಈ ಸಾರಜನಕವನ್ನು ಮೊದಲು ಅಮೋನಿಯಾ ಮಾಡಲು 400ರಿಂದ 500 ಡಿಗ್ರಿ ಸೆಲ್ಸಿಯಸ್ ಶಾಖವೂ ಅತಿ ಹೆಚ್ಚಿನ ಒತ್ತಡವೂ ಬೇಕು. ಇದೇ ಕೆಲಸವನ್ನು ಮಣ್ಣಿನಲ್ಲಿರುವ ಕೆಲವು ದುಂಡಾಣುಗಳು ಸಾಮಾನ್ಯ ಹವೆಯಲ್ಲೇ ಮಾಡುತ್ತವೆ.

ದ್ವಿದಳ ಜಾತಿಯ ಸಸ್ಯಗಳ ಬೇರಿನಲ್ಲಿರುವ ಗಂಟುಗಳೇ ಈ ಕೆಲಸದ ಸ್ಥಳವೆಂದು ಜರ್ಮನಿಯ ಹೆಲ್‌ರೀಗೆಲ್ ಎಂಬ ವಿಜ್ಞಾನಿ 1886ರಲ್ಲಿ ಪ್ರಕಟಿಸಿದರು. 1888ರಲ್ಲಿ ಹಾಲೆಂಡಿನ ಬೈಯರಿಂಕ್ ಎಂಬುವರು ಗಂಟಿನೊಳಗಿನ ದುಂಡಾಣುವನ್ನು ಬೇರ್ಪಡಿಸಿ ಬೆಳೆಸಿದರು. ಇದಕ್ಕೆ ಮುಂದೆ ರೈಜೋಬಿಯಂ ಎಂಬ ಹೆಸರು ಬಂತು. ತೊಗರಿ, ಅಲಸಂದೆ, ಕಡಲೆಕಾಯಿ ಗಿಡ ಕಿತ್ತಾಗ ನೀವು ನೋಡುವ ಗಂಟುಗಳು ಇವೇ. ಮರಗಳಲ್ಲೂ ಇದೇ ವ್ಯವಸ್ಥೆ ಇದೆ. ಆದರೆ ಮರದ ಬೇರನ್ನು ನಾವು ಕಿತ್ತು ನೋಡುವುದಿಲ್ಲವಾದ್ದರಿಂದ ಅದು ನಮ್ಮ ಗಮನಕ್ಕೆ ಬಂದಿರುವುದಿಲ್ಲ.

ದುಂಡಾಣುವು ಎಳೆಯ ಬೇರಿನ ರೋಮದ ಮೂಲಕ ಒಳಹೊಕ್ಕು ಗಂಟು ಕಟ್ಟುತ್ತದೆ. ಎಲೆಯಲ್ಲಿ ತಯಾರಾದ ಸಕ್ಕರೆಯಲ್ಲಿ ಒಂದು ಪಾಲನ್ನು ಮರ ಅದಕ್ಕೆ ಕೊಡುತ್ತದೆ. ಅದು ಗಾಳಿಯ ಸಾರಜನಕವನ್ನು ಹಿಡಿದು ಮರಕ್ಕೆ ಕೊಡುತ್ತದೆ. ಇದು ಕೊಟ್ಟು ತೆಗೆದುಕೊಳ್ಳುವ ವ್ಯವಹಾರ. ಸಸಿಗೆ ಹೊರಗಿನಿಂದ ಯೂರಿಯಾ ಧಾರಾಳವಾಗಿ ಸಿಕ್ಕಿದರೆ ಅದು ಈ ವ್ಯವಹಾರವನ್ನೇ ನಿಲ್ಲಿಸಿಬಿಡುತ್ತದೆ, ಗಂಟು ಕಟ್ಟುವುದಿಲ್ಲ.

ಯಾವ ಮರಗಳಿಗೆ ಯಾವ ಅಣುಜೀವಿ?

ದ್ವಿದಳ ಜಾತಿಯ ಮರಗಳೆಲ್ಲವೂ ಬೇರಿನಲ್ಲಿ ಗಂಟು ಕಟ್ಟುತ್ತವೆ ಎಂಬುದು ತಪ್ಪು ತಿಳಿವಳಿಕೆ. ಕೋಡು ಬಿಡುವ ಮರವೆಂದ ಮಾತ್ರಕ್ಕೆ ರೈಜೋಬಿಯಂ ಕೊಡಬೇಕಾಗಿಲ್ಲ.

ಗಂಟು ಕಟ್ಟುವ ಮರಗಳು: ಹೊಂಗೆ, ಕರಿಜಾಲಿ, ಬಾಗೆ, ಬೀಟೆ, ಹೊನ್ನೆ, ಮುತ್ತುಗ, ಹಾಲುವಾಣ, ಅಗಸೆ, ಸುಬಾಬುಲ್, ಗ್ಲಿರಿಸಿಡಿಯಾ, ಅಕೇಷಿಯಾ. ಇವುಗಳಿಗೆ ರೈಜೋಬಿಯಂ ಜಾತಿಯ ದುಂಡಾಣು ಬೇಕು.

ಗಂಟು ಕಟ್ಟದ ಮರಗಳು: ಹುಣಸೆ, ಕಕ್ಕೆ, ಸೀಮೆ ತಂಗಡಿ, ಗುಲ್‌ಮೊಹರ್, ಬಸವನಪಾದ. ಇವು ಕೋಡು ಬಿಟ್ಟರೂ ಇವುಗಳ ಬೀಜಕ್ಕೆ ರೈಜೋಬಿಯಂ ಲೇಪಿಸುವುದು ಹಣ ಮತ್ತು ಶ್ರಮ ಎರಡೂ ದಂಡ.

ದ್ವಿದಳವಲ್ಲದಿದ್ದರೂ ಗಂಟು ಕಟ್ಟುವ ಮರ: ಗಾಳಿ ಮರ, ಅಂದರೆ ಸರ್ವೆ. ಇದರ ಗಂಟಿನಲ್ಲಿರುವುದು ಫ್ರಾಂಕಿಯಾ ಎಂಬ ಬೇರೆಯೇ ದುಂಡಾಣು.

ತೇಗ, ಬೇವು, ಸಿಲ್ವರ್ ಓಕ್, ನೀಲಗಿರಿ, ಹೆಬ್ಬೇವು ಮೊದಲಾದ ಉಳಿದ ಮರಗಳು ಗಂಟು ಕಟ್ಟುವುದಿಲ್ಲ. ಇವುಗಳಿಗೆ ಬೇರಿನ ಸುತ್ತ ವಾಸಿಸುವ ಅಜೋಸ್ಪೈರಿಲಂ, ರಂಜಕ ಕರಗಿಸುವ ದುಂಡಾಣು ಮತ್ತು ಬೇರಿನ ಶಿಲೀಂಧ್ರ ಸಹಾಯಕ.

ರೈಜೋಬಿಯಂನಲ್ಲೂ ಹಲವು ಬಗೆಗಳಿವೆ. ಹೊಂಗೆಯಲ್ಲಿ ಗಂಟು ಕಟ್ಟುವ ದುಂಡಾಣು ಅಲಸಂದೆ ಗುಂಪಿಗೆ ಸೇರಿದ್ದು. ಸುಬಾಬುಲ್‌ನದು ಬೇರೆ. ಕಡಲೆ ಅಥವಾ ಸೋಯಾ ಅವರೆಗೆಂದು ತಯಾರಿಸಿದ ಪೊಟ್ಟಣ ತಂದು ಸುಬಾಬುಲ್ ಬೀಜಕ್ಕೆ ಲೇಪಿಸಿದರೆ ಪ್ರಯೋಜನ ಸಿಗುವುದಿಲ್ಲ. ಪೊಟ್ಟಣದ ಮೇಲೆ ಯಾವ ಬೆಳೆಗೆ ಎಂದು ಬರೆದಿದೆಯೋ ಅದಕ್ಕೇ ಬಳಸಬೇಕು.

ಎಲ್ಲಿ ಹೆಚ್ಚು ಪ್ರಯೋಜನ?

ಹೊಂಗೆ ನಮ್ಮ ನಾಡಿನದೇ ಮರ. ಹೊಂಗೆ ಮರಗಳಿರುವ, ತೊಗರಿ ಅಲಸಂದೆ ಬೆಳೆದ ಕೆಂಪು ಮಣ್ಣಿನಲ್ಲಿ ಅದಕ್ಕೆ ಬೇಕಾದ ದುಂಡಾಣು ಮೊದಲೇ ಇರುತ್ತದೆ. ಅಲ್ಲಿ ಪೊಟ್ಟಣದಿಂದ ಸಿಗುವ ಹೆಚ್ಚಿನ ಲಾಭ ಅಲ್ಪ. ಆದರೆ ಸುಬಾಬುಲ್ ಮಧ್ಯ ಅಮೆರಿಕಾದಿಂದ ಬಂದ ಮರ. ಅದನ್ನು ಹಿಂದೆಂದೂ ಬೆಳೆಯದ ಜಮೀನಿನಲ್ಲಿ ಅದಕ್ಕೆ ಒಗ್ಗುವ ದುಂಡಾಣು ಇಲ್ಲದಿರುವ ಸಂಭವ ಹೆಚ್ಚು. ಅಂತಹ ಕಡೆ ಲೇಪನ ಅವಶ್ಯಕ. ಅಂತೆಯೇ ಮೇಲ್ಮಣ್ಣು ಕೊಚ್ಚಿಹೋದ ಜಮೀನು, ಗಣಿಯ ಮಣ್ಣು ಸುರಿದ ಜಾಗ, ಕೆರೆ ಬಾವಿ ತೋಡಿ ಹಾಕಿದ ಅಡಿಮಣ್ಣು ಇಂತಹ ಕಡೆ ಅಣುಜೀವಿಗಳ ಸಂಖ್ಯೆ ತೀರ ಕಡಿಮೆ ಇರುತ್ತದೆ. ಇಲ್ಲಿಗೆ ಹೋಗುವ ಸಸಿಗಳಿಗೆ ಅಣುಜೀವಿ ಗೊಬ್ಬರ ಕೊಟ್ಟೇ ಕಳುಹಿಸಬೇಕು. ಸಸಿಮಡಿಗೆ ಹಲವರು ಆಳದಿಂದ ತೆಗೆದ ಮಣ್ಣನ್ನೇ ತುಂಬುತ್ತಾರೆ. ಅದರಲ್ಲೂ ಅಣುಜೀವಿಗಳು ಕಡಿಮೆ ಎಂಬುದನ್ನು ಮರೆಯಬಾರದು.

ಬೀಜಕ್ಕೆ ಲೇಪಿಸುವ ವಿಧಾನ

ಸುಬಾಬುಲ್, ಜಾಲಿ, ಅಕೇಷಿಯಾ ಬೀಜಗಳ ಸಿಪ್ಪೆ ಗಟ್ಟಿ. ಮೊದಲು ಬಿಸಿನೀರಿನ ಉಪಚಾರ ಮಾಡಬೇಕು. ಸುಬಾಬುಲ್ ಬೀಜವನ್ನು 80 ಡಿಗ್ರಿ ಸೆಲ್ಸಿಯಸ್ ಶಾಖದ ನೀರಿನಲ್ಲಿ 3ರಿಂದ 4 ನಿಮಿಷ ಇಟ್ಟು, ಕೂಡಲೇ ತಣ್ಣೀರಿಗೆ ಹಾಕಿ ರಾತ್ರಿಯೆಲ್ಲಾ ನೆನೆಸಬೇಕು. ಈ ಉಪಚಾರ ಮುಗಿದು ಬೀಜ ಪೂರ್ತಿ ತಣ್ಣಗಾದ ಮೇಲೆಯೇ ಲೇಪನ. ಮೊದಲು ಲೇಪಿಸಿ ಆಮೇಲೆ ಬಿಸಿನೀರಿಗೆ ಹಾಕಿದರೆ ದುಂಡಾಣುಗಳು ಸತ್ತುಹೋಗುತ್ತವೆ. ಹೊಂಗೆ ಬೀಜಕ್ಕೆ ಬಿಸಿನೀರಿನ ಅವಶ್ಯಕತೆಯಿಲ್ಲ.

1. ಅರ್ಧ ಲೀಟರ್ ನೀರಿಗೆ 50 ಗ್ರಾಂ ಬೆಲ್ಲ ಹಾಕಿ ಕುದಿಸಿ, ಪೂರ್ಣವಾಗಿ ಆರಿಸಿ.
2. ಆರಿದ ಬೆಲ್ಲದ ನೀರಿಗೆ 200 ಗ್ರಾಂನ ಒಂದು ಪೊಟ್ಟಣದ ಅಣುಜೀವಿ ಗೊಬ್ಬರ ಬೆರೆಸಿ ಗಂಜಿಯಂತೆ ಮಾಡಿಕೊಳ್ಳಿ.
3. ಬೀಜವನ್ನು ಗೋಣಿತಾಟಿನ ಮೇಲೆ ಹರಡಿ, ಈ ಗಂಜಿಯನ್ನು ಪ್ರತಿ ಬೀಜಕ್ಕೂ ತೆಳುವಾಗಿ ಹತ್ತುವಂತೆ ಕೈಯಿಂದ ಮೆದುವಾಗಿ ಕಲಸಿ. ಬೀಜ ತೊಯ್ದು ನೀರು ಸುರಿಯುವಷ್ಟು ಹಾಕಬಾರದು.
4. ನೆರಳಿನಲ್ಲಿ ಅರ್ಧ ಗಂಟೆ ಆರಲು ಬಿಡಿ. ಬಿಸಿಲಿಗೆ ಹರಡಬೇಡಿ.
5. ಆರಿದ ಕೂಡಲೇ, ಅದೇ ದಿನ, ತೇವವಿರುವ ಮಡಿಯಲ್ಲಿ ಅಥವಾ ಚೀಲದಲ್ಲಿ ಬಿತ್ತಿ ನೀರು ಕೊಡಿ.

ಮಲೆನಾಡು ಮತ್ತು ಕರಾವಳಿಯ ಹುಳಿ ಮಣ್ಣಿನಲ್ಲಿ ಈ ದುಂಡಾಣುಗಳಿಗೆ ತೊಂದರೆಯಾಗುತ್ತದೆ. ಅಲ್ಲಿ ಲೇಪಿಸಿದ ಬೀಜ ಇನ್ನೂ ಅಂಟಂಟಾಗಿರುವಾಗಲೇ ಅದರ ಮೇಲೆ ನುಣ್ಣಗಿನ ಸುಣ್ಣಕಲ್ಲಿನ ಹಿಟ್ಟನ್ನು ಉದುರಿಸಿ ಹೊರಳಿಸುವುದು ಒಳ್ಳೆಯದು. ಸುಟ್ಟ ಸುಣ್ಣವನ್ನಾಗಲೀ ಅರಳಿಸಿದ ಸುಣ್ಣವನ್ನಾಗಲೀ ಬಳಸಕೂಡದು. ಅದರ ಖಾರಕ್ಕೆ ದುಂಡಾಣುಗಳು ಸಾಯುತ್ತವೆ.

ಚೀಲದ ಸಸಿಗಳಿಗೆ

ಪಾಲಿಥಿನ್ ಚೀಲಗಳಲ್ಲಿ ಸಸಿ ಬೆಳೆಸುವವರಿಗೆ ಇನ್ನೊಂದು ವಿಧಾನ ಹೆಚ್ಚು ಅನುಕೂಲ. 1,000 ಚೀಲಗಳಿಗೆ ಬೇಕಾಗುವ ಪ್ರಮಾಣವನ್ನು ಇಲ್ಲಿ ಕೊಟ್ಟಿದೆ.

ಚೆನ್ನಾಗಿ ಕಳಿತು ಜರಡಿ ಹಿಡಿದ ಕೊಟ್ಟಿಗೆ ಗೊಬ್ಬರ 25 ಕಿಲೋ ತೆಗೆದುಕೊಳ್ಳಿ. ಅದಕ್ಕೆ 1 ಕಿಲೋ ರೈಜೋಬಿಯಂ (ಗಂಟು ಕಟ್ಟದ ಮರವಾದರೆ ಅಜೋಸ್ಪೈರಿಲಂ) ಮತ್ತು 1 ಕಿಲೋ ರಂಜಕ ಕರಗಿಸುವ ದುಂಡಾಣು ಬೆರೆಸಿ. ನೀರು ಚಿಮುಕಿಸಿ, ಹಿಡಿದರೆ ಉಂಡೆಯಾಗುವಷ್ಟು ಆದರೆ ನೀರು ಜಿನುಗದಷ್ಟು ಹದ ಮಾಡಿ. ನೆರಳಿನಲ್ಲಿ ಗುಡ್ಡೆ ಮಾಡಿ ಒದ್ದೆ ಗೋಣಿ ಹೊದಿಸಿ ಒಂದು ವಾರ ಬಿಡಿ. ಈ ಅವಧಿಯಲ್ಲಿ ದುಂಡಾಣುಗಳು ಗೊಬ್ಬರದಲ್ಲಿ ಹರಡಿಕೊಳ್ಳುತ್ತವೆ. ಬಳಿಕ ಪ್ರತಿ ಚೀಲಕ್ಕೆ ಸುಮಾರು 25 ಗ್ರಾಂ, ಅಂದರೆ ಅರ್ಧ ಹಿಡಿಯಷ್ಟು, ಮೇಲಿನ ಎರಡು ಮೂರು ಅಂಗುಲ ಮಣ್ಣಿನಲ್ಲಿ ಬೆರೆಸಿ ಬಿತ್ತಿ. ಕೊಟ್ಟಿಗೆ ಗೊಬ್ಬರ ಹಸಿಯಾಗಿದ್ದು ಕೈಗೆ ಬಿಸಿ ತಾಗುವಂತಿದ್ದರೆ ಬಳಸಬಾರದು.

ನಿಮ್ಮ ಮರಕ್ಕೆ ತಕ್ಕ ಪೊಟ್ಟಣ ಸಿಗದಿದ್ದರೆ, ಅದೇ ಜಾತಿಯ ಆರೋಗ್ಯವಂತ ಹಳೆಯ ಮರದ ಬುಡದಿಂದ, ಎಳೆ ಬೇರು ಹರಡಿರುವಲ್ಲಿ ಎರಡು ಮೂರು ಬುಟ್ಟಿ ಮಣ್ಣು ತಂದು ಸಸಿಮಡಿಯ ಮಣ್ಣಿಗೆ ಬೆರೆಸಿ. ಪೊಟ್ಟಣದಷ್ಟು ನಂಬಿಕೆಯ ವಿಧಾನ ಇದಲ್ಲವಾದರೂ ಏನೂ ಇಲ್ಲದಿರುವುದಕ್ಕಿಂತ ಮೇಲು. ರೋಗ ಬಂದು ಒಣಗುತ್ತಿರುವ ಮರದ ಬುಡದ ಮಣ್ಣನ್ನು ಮಾತ್ರ ತರಬೇಡಿ; ಅಣುಜೀವಿಯ ಜೊತೆಗೆ ರೋಗವನ್ನೂ ತಂದಂತಾಗುತ್ತದೆ.

ಸರ್ವೆ ಮರದ ಫ್ರಾಂಕಿಯಾ

ಸರ್ವೆ ಮರ ನಮ್ಮ ರಾಜ್ಯಕ್ಕೆ ಹೊಸದಲ್ಲ. ಸೌದೆಗಾಗಿ ಇದನ್ನು ಕಾರವಾರದ ಕರಾವಳಿಯಲ್ಲಿ 1868ರಷ್ಟು ಹಿಂದೆಯೇ ನೆಡಲಾಯಿತು. ಬರಿಯ ಮರಳಿನಲ್ಲಿ ಯಾವ ಗೊಬ್ಬರವೂ ಇಲ್ಲದೆ ಅದು ಬೆಳೆಯುವ ಗುಟ್ಟು ಫ್ರಾಂಕಿಯಾದಲ್ಲಿದೆ. ಇದು ದಾರದಂತೆ ಎಳೆ ಎಳೆಯಾಗಿ ಬೆಳೆಯುವ ದುಂಡಾಣು. ಬಹಳ ನಿಧಾನವಾಗಿ ಬೆಳೆಯುವುದರಿಂದ ಇದನ್ನು ಬೇರ್ಪಡಿಸಿ ಬೆಳೆಸುವುದು ಕಷ್ಟದ ಕೆಲಸವಾಗಿತ್ತು. 1978ರಲ್ಲಿ ಅಮೆರಿಕಾದ ವಿಜ್ಞಾನಿಗಳು ಬೇರೊಂದು ಗಿಡದ ಗಂಟಿನಿಂದ ಇದನ್ನು ಬೇರ್ಪಡಿಸಿ ಬೆಳೆಸಿದ್ದಾಗಿ ಪ್ರಕಟಿಸಿದರು.

ಸರ್ವೆಯ ಗಂಟು ತೊಗರಿಯ ಗಂಟಿನಂತೆ ಒಂಟಿ ಗುಂಡಲ್ಲ. ಕವಲೊಡೆದು ಹವಳದ ಗೊಂಚಲಿನಂತೆ ಕಾಣುತ್ತದೆ. ವರ್ಷದಿಂದ ವರ್ಷಕ್ಕೆ ಬೆಳೆಯುತ್ತಾ ಕೆಲವೊಮ್ಮೆ ನಿಂಬೆಹಣ್ಣಿಗಿಂತ ದೊಡ್ಡದಾಗುವುದೂ ಉಂಟು.

ಸಸಿಮಡಿಗೆ ಇದನ್ನು ರೈತರೇ ಕೊಡಬಹುದು. ಆರೋಗ್ಯವಾಗಿರುವ ತೋಪಿನಲ್ಲಿ ಮೇಲ್ಮಣ್ಣು ಸರಿಸಿ ತಾಜಾ, ತಿಳಿ ಬಣ್ಣದ ಎಳೆ ಗಂಟುಗಳನ್ನು ಆರಿಸಿ ತೆಗೆಯಿರಿ. ಹಲವು ಬಾರಿ ಶುದ್ಧ ನೀರಿನಲ್ಲಿ ತೊಳೆದು ಮಣ್ಣು ಹೋಗಲಾಡಿಸಿ. ಒರಳಿನಲ್ಲಿ ನುಣ್ಣಗೆ ಅರೆದು ನೀರಿಗೆ ಕದಡಿ, ಬಟ್ಟೆಯಲ್ಲಿ ಸೋಸಿ, ಎಳೆಯ ಸಸಿಗಳ ಬುಡಕ್ಕೆ ಸಂಜೆಯ ವೇಳೆ ಹಾಕಿ. ಏರುಮಡಿಯಿಂದ ಚೀಲಕ್ಕೆ ವರ್ಗಾಯಿಸುವಾಗ ಬೇರನ್ನು ಈ ನೀರಿನಲ್ಲಿ ಅದ್ದಿ ನೆಟ್ಟರೂ ಆಗುತ್ತದೆ. ಗಂಟು ಕಿತ್ತ ದಿನವೇ ಬಳಸಬೇಕು.

ರಂಜಕ ಕರಗಿಸುವ ದುಂಡಾಣು ಮತ್ತು ಬೇರಿನ ಶಿಲೀಂಧ್ರ

ಭೂಮಿಯಲ್ಲಿರುವ ರಂಜಕದ ಬಹುಭಾಗ ಕರಗದ ರೂಪದಲ್ಲಿದೆ. ಕಪ್ಪು ಮಣ್ಣಿನಲ್ಲಿ ಅದು ಸುಣ್ಣದೊಡನೆ ಕಟ್ಟಿಕೊಂಡಿರುತ್ತದೆ. ಕೆಂಪು ಹುಳಿ ಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಜೊತೆ ಕಟ್ಟಿಕೊಂಡಿರುತ್ತದೆ. ಬ್ಯಾಸಿಲಸ್ ಮತ್ತು ಸ್ಯೂಡೊಮೊನಾಸ್ ಜಾತಿಯ ಕೆಲವು ದುಂಡಾಣುಗಳು ಹುಳಿ ಪದಾರ್ಥಗಳನ್ನು ಸ್ರವಿಸಿ ಈ ರಂಜಕವನ್ನು ಬಿಡಿಸುತ್ತವೆ. ಸುಣ್ಣದ ಜೊತೆ ಇರುವ ರಂಜಕವನ್ನು ಬಿಡಿಸುವುದು ಇವುಗಳಿಗೆ ಸುಲಭ, ಕಬ್ಬಿಣದ ಜೊತೆ ಇರುವುದು ಕಷ್ಟ. ಇವುಗಳಿಗೆ ಕೆಲಸ ಮಾಡಲು ಸಾವಯವ ಪದಾರ್ಥ ಬೇಕಾದ್ದರಿಂದ ಕೊಟ್ಟಿಗೆ ಗೊಬ್ಬರದ ಜೊತೆಗೇ ಕೊಡಬೇಕು.

ಬೇರಿನ ಶಿಲೀಂಧ್ರ, ಅಂದರೆ ಮೈಕೊರೈಜಾ, ದುಂಡಾಣುವಲ್ಲ. ಆದರೆ ಮರಗಳ ವಿಷಯದಲ್ಲಿ ಅದನ್ನು ಬಿಡುವಂತಿಲ್ಲ. ಇದು ಬೇರಿನೊಳಗೆ ನೆಲೆಸಿ, ತನ್ನ ನೂಲುಗಳನ್ನು ಬೇರು ತಲುಪಲಾರದ ಕಡೆಗೂ ಚಾಚಿ ರಂಜಕ, ಸತು ಮತ್ತು ನೀರನ್ನು ತಂದುಕೊಡುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಾ. ಡಿ. ಜೆ. ಭಾಗ್ಯರಾಜ್ ಮತ್ತು ಅವರ ಸಹೋದ್ಯೋಗಿಗಳು ಈ ಶಿಲೀಂಧ್ರಗಳ ಬಗ್ಗೆ ಬಹು ವರ್ಷ ಸಂಶೋಧನೆ ನಡೆಸಿದ್ದಾರೆ. ಗಂಟು ಕಟ್ಟುವುದಕ್ಕೆ ರಂಜಕ ಬೇಕೇ ಬೇಕು. ಹೀಗಾಗಿ ರೈಜೋಬಿಯಂ ಮತ್ತು ಈ ಶಿಲೀಂಧ್ರ ಜೊತೆಯಾದರೆ ಒಂದಕ್ಕೊಂದು ಪೂರಕ.

ಇದು ಜೀವಂತ ಬೇರಿನ ಮೇಲೆ ಮಾತ್ರ ಬೆಳೆಯುವುದರಿಂದ ರಾಗಿ, ಮುಸುಕಿನ ಜೋಳದಂತಹ ಗಿಡಗಳ ಬೇರಿನಲ್ಲಿ ಬೆಳೆಸಿ, ಬೇರು ಸಮೇತ ಮಣ್ಣನ್ನೇ ಗೊಬ್ಬರವಾಗಿ ಕೊಡುತ್ತಾರೆ. ಒಮ್ಮೆ ಒಳ್ಳೆಯ ಮೂಲದಿಂದ ತಂದರೆ ನೀವೂ ಒಂದು ಸಣ್ಣ ಮಡಿಯಲ್ಲಿ ಮುಸುಕಿನ ಜೋಳ ಬಿತ್ತಿ ಎರಡು ಎರಡೂವರೆ ತಿಂಗಳಲ್ಲಿ ಹೆಚ್ಚಿಸಿಕೊಳ್ಳಬಹುದು. ದಂಟನ್ನು ಬುಡಕ್ಕೆ ಕೊಯ್ದು, ಬೇರನ್ನು ಸಣ್ಣಗೆ ಕತ್ತರಿಸಿ ಆ ಮಣ್ಣಿಗೇ ಬೆರೆಸಬೇಕು. ಪ್ರತಿ ಚೀಲಕ್ಕೆ 10 ಗ್ರಾಂನಷ್ಟು ಇದನ್ನು ಬೀಜದ ಕೆಳಗೆ ಒಂದು ಅಂಗುಲ ಆಳದಲ್ಲಿ ಇಡಬೇಕು. ಮೊಳೆತ ಬೇರು ಅದನ್ನು ಹಾಯ್ದು ಹೋಗುವಂತಿರಬೇಕು. ಮೇಲೆ ಉದುರಿಸಿದರೆ ಸಾಲದು.

ಶ್ರೀಗಂಧ ಬೆಳೆಯುವವರಿಗೆ

2001ರ ಕಾನೂನು ತಿದ್ದುಪಡಿಯ ನಂತರ ತನ್ನ ಜಮೀನಿನಲ್ಲಿ ಬೆಳೆದ ಶ್ರೀಗಂಧಕ್ಕೆ ರೈತನೇ ಒಡೆಯನಾದ್ದರಿಂದ ಅದನ್ನು ನೆಡುವವರು ಹೆಚ್ಚಿದ್ದಾರೆ. ಶ್ರೀಗಂಧ ಅರೆ ಪರಾವಲಂಬಿ. ಅದರ ಬೇರು ಪಕ್ಕದ ಗಿಡದ ಬೇರಿಗೆ ಅಂಟಿಕೊಂಡು ಆಹಾರ ಹೀರುತ್ತದೆ. ಅದು ತಾನೇ ಗಂಟು ಕಟ್ಟುವುದಿಲ್ಲ. ಆದ್ದರಿಂದ ಅದರ ಆಸರೆಗೆಂದು ಹಾಕುವ ತೊಗರಿ, ಹೊಂಗೆ, ಸರ್ವೆಗಳಲ್ಲಿ ಒಳ್ಳೆಯ ಗಂಟುಗಳಿರುವಂತೆ ನೋಡಿಕೊಂಡರೆ ಅದರ ಪ್ರಯೋಜನ ಶ್ರೀಗಂಧಕ್ಕೂ ಸಿಗುತ್ತದೆ. ಇಲ್ಲಿ ಅಣುಜೀವಿ ಗೊಬ್ಬರವನ್ನು ಆಸರೆ ಗಿಡದ ಬೀಜಕ್ಕೆ ಕೊಡಬೇಕು.

ಕೆಲಸ ಮಾಡುತ್ತಿದೆಯೇ? ನೀವೇ ನೋಡಿ

ಬಿತ್ತಿದ ಎಂಟು ಹತ್ತು ವಾರಗಳ ನಂತರ ಒಂದೆರಡು ಸಸಿಗಳನ್ನು ಚೀಲ ಹರಿದು, ನೀರಿನಲ್ಲಿ ಮಣ್ಣು ತೊಳೆದು ನೋಡಿ. ಕಿತ್ತು ನೋಡಬೇಡಿ, ಗಂಟುಗಳು ಮಣ್ಣಿನಲ್ಲೇ ಉಳಿದುಬಿಡುತ್ತವೆ. ದ್ವಿದಳ ಮರದ ಗಂಟನ್ನು ಉಗುರಿನಿಂದ ಸೀಳಿದಾಗ ಒಳಗೆ ತಿಳಿಗೆಂಪು ಬಣ್ಣವಿದ್ದರೆ ಅದು ಸಾರಜನಕ ಹಿಡಿಯುತ್ತಿದೆ ಎಂದರ್ಥ. ಒಳಗೆ ಬಿಳುಪಾಗಿದ್ದರೆ ಇನ್ನೂ ಬಲಿತಿಲ್ಲ, ಇಲ್ಲವೇ ಕೆಲಸ ಮಾಡದ ದುಂಡಾಣುವಿನದು. ಹಸಿರು ಅಥವಾ ಕಂದು ಬಣ್ಣವಿದ್ದರೆ ಅದರ ಕೆಲಸ ಮುಗಿದಿದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬೇರುಗಂಟು ಜಂತುಹುಳುವಿನಿಂದಲೂ ಬೇರಿನಲ್ಲಿ ಗಂಟುಗಳಾಗುತ್ತವೆ. ಉಪಕಾರಿ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿದ್ದು ಬೆರಳಿನಿಂದ ತಳ್ಳಿದರೆ ಬಿಡಿಸಿಕೊಳ್ಳುತ್ತದೆ. ಜಂತುಹುಳುವಿನ ಗಂಟಿನಲ್ಲಿ ಬೇರೇ ಊದಿಕೊಂಡಿರುವುದರಿಂದ ಬೇರು ಹರಿಯದೆ ಅದು ಬರುವುದಿಲ್ಲ.

ಇನ್ನೂ ಒಳ್ಳೆಯ ಪರೀಕ್ಷೆಯೆಂದರೆ ಅಣುಜೀವಿ ಗೊಬ್ಬರ ಕೊಡದ 50 ಚೀಲಗಳನ್ನು ಪಕ್ಕದಲ್ಲೇ ಬೇರೆಯಾಗಿ ಇಟ್ಟುಕೊಳ್ಳುವುದು. ಮಣ್ಣು, ನೀರು, ನೆರಳು ಎಲ್ಲವೂ ಒಂದೇ ಆಗಿರಲಿ. ಮೂರು ತಿಂಗಳ ನಂತರ ಎರಡೂ ಸಾಲಿನ ಸಸಿಗಳ ಎತ್ತರ, ಕಾಂಡದ ದಪ್ಪ, ಎಲೆಯ ಬಣ್ಣ ಹೋಲಿಸಿ. ಸಸಿ ನೆಟ್ಟ ಮೇಲೆ ಮುಂದಿನ ಬೇಸಿಗೆ ಕಳೆದು ಉಳಿದ ಸಸಿಗಳನ್ನು ಎರಡು ಕಡೆಯೂ ಎಣಿಸಿ ಬರೆದಿಡಿ. ವ್ಯತ್ಯಾಸ ಕಂಡರೆ ಮುಂದಿನ ವರ್ಷವೂ ಬಳಸಿ. ಕಾಣದಿದ್ದರೆ ಪೊಟ್ಟಣ ಕೆಟ್ಟಿರಬಹುದು ಅಥವಾ ನಿಮ್ಮ ಮಣ್ಣಿನಲ್ಲಿ ಆ ದುಂಡಾಣು ಮೊದಲೇ ಸಾಕಷ್ಟಿರಬಹುದು. ಅಣುಜೀವಿ ಕೊಡದ ಸಸಿಗಳಲ್ಲೂ ತಿಳಿಗೆಂಪು ಗಂಟುಗಳಿದ್ದರೆ ಎರಡನೆಯದೇ ಕಾರಣ. ಅಲ್ಲಿ ಮತ್ತೆ ಹಣ ಖರ್ಚು ಮಾಡಬೇಕಾಗಿಲ್ಲ.

ಕೊಳ್ಳುವಾಗ ಮತ್ತು ಬಳಸುವಾಗ ಗಮನಿಸಬೇಕಾದ ಅಂಶಗಳು

* ಪೊಟ್ಟಣದಲ್ಲಿರುವುದು ಜೀವಂತ ವಸ್ತು. ತಯಾರಿಸಿದ ದಿನಾಂಕ, ಬಳಸಬೇಕಾದ ಕೊನೆಯ ದಿನಾಂಕ, ಅಣುಜೀವಿಯ ಹೆಸರು, ಯಾವ ಬೆಳೆಗೆ ಎಂಬ ವಿವರಗಳಿಲ್ಲದ ಪೊಟ್ಟಣ ಕೊಳ್ಳಬೇಡಿ. ಅವಧಿ ಮುಗಿದದ್ದು ಕಡಿಮೆ ಬೆಲೆಗೆ ಸಿಕ್ಕರೂ ಬರಿಯ ಇದ್ದಿಲ ಪುಡಿಗೆ ಸಮಾನ.
* ಅಣುಜೀವಿ ಗೊಬ್ಬರಗಳನ್ನು 2006ರಲ್ಲಿ ರಸಗೊಬ್ಬರ ನಿಯಂತ್ರಣ ಆಜ್ಞೆಯ ವ್ಯಾಪ್ತಿಗೆ ತರಲಾಗಿದೆ. ಅದರ ಪ್ರಕಾರ ಪುಡಿ ರೂಪದ ರೈಜೋಬಿಯಂನಲ್ಲಿ ಪ್ರತಿ ಗ್ರಾಂಗೆ ಕನಿಷ್ಠ 5 ಕೋಟಿ, ದ್ರವ ರೂಪದ್ದರಲ್ಲಿ ಪ್ರತಿ ಮಿಲಿ ಲೀಟರ್‌ಗೆ ಕನಿಷ್ಠ 10 ಕೋಟಿ ಜೀವಂತ ದುಂಡಾಣುಗಳಿರಬೇಕು. ರಸೀದಿ ಪಡೆದು ಇಟ್ಟುಕೊಳ್ಳಿ.
* ಅಂಗಡಿಯಲ್ಲಿ ಬಿಸಿಲಿಗೆ, ತಗಡಿನ ಮಾಡಿನ ಕೆಳಗೆ ಇಟ್ಟಿರುವ ಪೊಟ್ಟಣ ಬೇಡ. ಮನೆಯಲ್ಲಿ ಮಡಕೆಯ ನೀರಿನ ಪಕ್ಕದಂತಹ ತಂಪು ಜಾಗದಲ್ಲಿಡಿ.
* ಅಣುಜೀವಿ ಗೊಬ್ಬರವನ್ನು ಯೂರಿಯಾ, ಸೂಪರ್ ಫಾಸ್ಫೇಟ್ ಅಥವಾ ಔಷಧಿಗಳ ಜೊತೆ ಬೆರೆಸಬೇಡಿ. ತಾಮ್ರಯುಕ್ತ ಔಷಧಿಗಳು ಇವುಗಳಿಗೆ ವಿಷ. ಬೀಜಕ್ಕೆ ರೋಗನಾಶಕ ಹಾಕಲೇಬೇಕಾದರೆ ಅದನ್ನು ಮೊದಲು ಹಾಕಿ, ಆಮೇಲೆ ಅಣುಜೀವಿಯನ್ನು ಎರಡರಷ್ಟು ಪ್ರಮಾಣದಲ್ಲಿ ಲೇಪಿಸಿ.
* ಚೀಲದಲ್ಲಿ ನೀರು ನಿಲ್ಲದಂತೆ ತಳದಲ್ಲಿ ತೂತುಗಳಿರಲಿ. ಗಾಳಿಯಾಡದ ಮಣ್ಣಿನಲ್ಲಿ ಗಂಟು ಬೆಳೆಯದು.
* ಸಸಿ ನೆಡುವಾಗ ಚೀಲ ತೆಗೆದು ಮಣ್ಣಿನ ಹೆಂಟೆ ಒಡೆಯದಂತೆ ಇಡಿ. ಒಡೆದರೆ ಸಾಕಿದ ಗಂಟುಗಳು ಅಲ್ಲೇ ಉದುರಿಹೋಗುತ್ತವೆ.
* ಗುಂಡಿಗೆ ಎರಡು ಮೂರು ಬುಟ್ಟಿ ಕೊಟ್ಟಿಗೆ ಗೊಬ್ಬರವನ್ನೂ ಸ್ವಲ್ಪ ಶಿಲಾರಂಜಕವನ್ನೂ ಕೊಡಿ. ಅಣುಜೀವಿ ಸಾರಜನಕ ತರಬಲ್ಲದು. ಪೊಟ್ಯಾಷನ್ನಾಗಲೀ ಇಲ್ಲದ ರಂಜಕವನ್ನಾಗಲೀ ಅದು ಸೃಷ್ಟಿಸಲಾರದು.

ಅಣುಜೀವಿ ಗೊಬ್ಬರ ಪವಾಡವಲ್ಲ. ಗುಂಡಿ ಆಳವಾಗಿ ತೋಡದೆ, ಮೊದಲ ಬೇಸಿಗೆಯಲ್ಲಿ ನೀರು ಕಾಣಿಸದೆ, ಮೇಕೆಗಳಿಂದ ಕಾಯದೆ ಬಿಟ್ಟ ಸಸಿಯನ್ನು ಯಾವ ದುಂಡಾಣುವೂ ಉಳಿಸುವುದಿಲ್ಲ. ಇವೆಲ್ಲವನ್ನೂ ಮಾಡುವ ರೈತನಿಗೆ ಇದು ಕಡಿಮೆ ಖರ್ಚಿನ ಒಳ್ಳೆಯ ಸಹಾಯ. ಮೃಗಶಿರಾ, ಆರಿದ್ರಾ ಮಳೆಗೆ ಸಸಿ ಸಿದ್ಧವಾಗಬೇಕಾದರೆ ಫೆಬ್ರವರಿ ಮಾರ್ಚ್‌ನಲ್ಲೇ ಚೀಲ ತುಂಬಬೇಕು. ಅದಕ್ಕೆ ಮುನ್ನ ನಿಮ್ಮ ತಾಲ್ಲೂಕಿನ ರೈತ ಸಂಪರ್ಕ ಕೇಂದ್ರ ಅಥವಾ ಹತ್ತಿರದ ಕೃಷಿ ವಿಜ್ಞಾನ ಕೇಂದ್ರವನ್ನು ಕಂಡು, ಬೆಳೆಸಬೇಕೆಂದಿರುವ ಮರದ ಹೆಸರು ಹೇಳಿ, ತಕ್ಕ ಅಣುಜೀವಿ ಗೊಬ್ಬರಕ್ಕೆ ಮುಂಚಿತವಾಗಿ ಬೇಡಿಕೆ ಸಲ್ಲಿಸಿರಿ.